ತರಗತಿಯ ವರ್ಷಕ್ಕೊಂದು ಬೇವಿನ ಮರ

ಒಂದೇ ವಸ್ತುವನ್ನು ನಡುವೆ ಇಟ್ಟುಕೊಂಡು ಭಾಷೆ, ಗಣಿತ, ಪರಿಸರ ಅಧ್ಯಯನ ಮತ್ತು ಚಿತ್ರಕಲೆಯ ಚಟುವಟಿಕೆಗಳನ್ನು ಅದರ ಸುತ್ತ ಹೆಣೆಯುವ ಕ್ರಮಕ್ಕೆ ವಿಷಯಾಧಾರಿತ ಕಲಿಕೆ ಎಂದು ಹೆಸರು. ಋತುವಿಗೆ ತಕ್ಕಂತೆ ರೂಪ ಬದಲಿಸುವ ಸಸ್ಯ ಇದಕ್ಕೆ ಹೇಳಿ ಮಾಡಿಸಿದ ವಸ್ತುವಾದರೂ ಆ ಸಸ್ಯ ಮಗುವಿನ ಊರಿನದೇ ಆಗಿರಬೇಕು. ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲೇ ಪಡೆಯುವ ಚೆನ್ನೈಯಲ್ಲಿ, ಕೆಂಪೇರಿದ ಮೇಪಲ್ ಎಲೆ ಮತ್ತು ಹಿಮ ಹೊತ್ತ ಪೈನ್ ಮರದ ಚಿತ್ರಗಳಿಂದ ಋತುಗಳನ್ನು ಕಲಿಸುವುದು ಮಗುವಿನ ಕಣ್ಣಿಗೂ ಪಾಠಕ್ಕೂ ಸಂಬಂಧ ಕಡಿದಂತೆ.

ಕೈಯಿಂದ ಮಾಡಿ ಕಲಿಯುವ ಪದ್ಧತಿ ಈ ನಗರಕ್ಕೆ ಹೊಸತಲ್ಲ. ಮರಿಯಾ ಮಾಂಟೆಸ್ಸರಿ 1939ರಲ್ಲಿ ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಬಂದು ಇಲ್ಲಿ ಶಿಕ್ಷಕರಿಗೆ ತರಬೇತಿ ನೀಡಿದ್ದರು. 2003ರಲ್ಲಿ ಚೆನ್ನೈ ಕಾರ್ಪೊರೇಷನ್ ಶಾಲೆಗಳಲ್ಲಿ ಮೊದಲಾಗಿ ಮುಂದೆ ತಮಿಳುನಾಡಿನಾದ್ಯಂತ ಹರಡಿದ ಚಟುವಟಿಕೆ ಆಧಾರಿತ ಕಲಿಕೆಯೂ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಕರ್ನಾಟಕದ ನಲಿ-ಕಲಿಯೂ ರಿಷಿ ವ್ಯಾಲಿ ಶಾಲೆಯ ಮಾದರಿಯಿಂದ ಪ್ರೇರಣೆ ಪಡೆದವು. ಈ ಪದ್ಧತಿಗಳಲ್ಲಿ ಕಲಿಕಾ ಕಾರ್ಡು ಹಿಡಿದು ತನ್ನ ವೇಗದಲ್ಲಿ ಮುಂದೆ ಸಾಗುವ ಮಗುವಿಗೆ ಕಾರ್ಡಿನಲ್ಲಿರುವ ಮರ ಶಾಲೆಯ ಅಂಗಳದಲ್ಲೂ ಸಿಗಬೇಕು, ಮತ್ತು ಚೆನ್ನೈಯಲ್ಲಿ ಹಾಗೆ ಸುಲಭವಾಗಿ ಸಿಗುವ ಮರ ಬೇವು.

ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಬೇವಿನ ಹಣ್ಣುಗಳು ಹಳದಿಗೆ ತಿರುಗಿ ಉದುರತೊಡಗುತ್ತವೆ. ಕಾಗೆ, ಮೈನಾಗಳು ಅವನ್ನು ತಿಂದು ಬೀಜ ಹರಡುವುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ಬೇವಿನ ಬೀಜ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಆಗತಾನೆ ಆಯ್ದ ಬೀಜಗಳನ್ನು ಒಂದು ಕುಂಡದಲ್ಲಿಯೂ ಮೂರು ತಿಂಗಳು ಒಣಗಿಸಿಟ್ಟವನ್ನು ಇನ್ನೊಂದರಲ್ಲಿಯೂ ಬಿತ್ತಿ ಎಣಿಸಿದರೆ ಅದೇ ಒಂದು ನಿಜವಾದ ಪ್ರಯೋಗವಾಗುತ್ತದೆ. ಬೀಜವನ್ನು ಬಾಯಿಗೆ ಹಾಕಬಾರದೆಂಬ ಎಚ್ಚರಿಕೆ ಮಾತ್ರ ಮೊದಲೇ ಇರಬೇಕು, ಏಕೆಂದರೆ ಅದರ ಎಣ್ಣೆ ಎಳೆಯ ಮಕ್ಕಳಿಗೆ ವಿಷಕಾರಿ.

ಎಲೆಯಲ್ಲಿ ಗಣಿತವಿದೆ. ಒಂದೇ ತೊಟ್ಟಿನ ಎರಡು ಬದಿಗೆ ಹಲವು ಕಿರುಎಲೆಗಳು ಸಾಲಾಗಿರುವ ಇಂಥ ಎಲೆಗೆ ಸಂಯುಕ್ತ ಎಲೆ ಎನ್ನುತ್ತಾರೆ. ಹತ್ತು ಎಲೆಗಳ ಕಿರುಎಲೆಗಳನ್ನು ಎಣಿಸಿ ಸ್ತಂಭನಕ್ಷೆ ಬರೆದರೆ, ಒಂದೇ ಮರದಲ್ಲೂ ಸಂಖ್ಯೆ ಒಂದೇ ಆಗಿರುವುದಿಲ್ಲವೆಂದು ತಿಳಿಯುತ್ತದೆ. ಇನ್ನೂ ಸೊಗಸಾದ ಪಾಠ ಕಿರುಎಲೆಯಲ್ಲಿದೆ. ಗರಗಸದಂತಹ ಅಂಚಿನ ಆ ಬಾಗಿದ ಎಲೆಯನ್ನು ನಡುನರದ ಗುಂಟ ಮಡಿಸಿದಾಗ ಎರಡು ಅರ್ಧಗಳು ಕೂಡುವುದಿಲ್ಲ, ಬುಡದಲ್ಲಂತೂ ವ್ಯತ್ಯಾಸ ಸ್ಪಷ್ಟ. ದಾಸವಾಳದ ಎಲೆಯನ್ನೂ ಹಾಗೆಯೇ ಮಡಿಸಿ ಹೋಲಿಸಿದ ಮಗುವಿಗೆ ಎರಡು ಅರ್ಧಗಳ ಹೊಂದಿಕೆಯಾದ ಸಮಮಿತಿಯನ್ನು ಬೇರೆ ವಿವರಿಸಬೇಕಾಗಿಲ್ಲ.

ಹಿಂಗಾರಿನಲ್ಲಿ ಸಸಿಗಳನ್ನು ನೆಲಕ್ಕಿಳಿಸಬಹುದು. ಫೆಬ್ರವರಿ-ಮಾರ್ಚ್‌ನಲ್ಲಿ ಹಳೆಯ ಎಲೆ ಉದುರಿ ಕೆಂಪು ಚಿಗುರು ಮೂಡುತ್ತದೆ, ಅದರ ಬೆನ್ನಿಗೇ ಬಿಳಿ ಹೂಗೊಂಚಲು ಬರುತ್ತದೆ. ಆ ಹೂ ನಗರದ ಕನ್ನಡ ಮನೆಗಳಲ್ಲಿ ಯುಗಾದಿಯ ಬೇವು-ಬೆಲ್ಲಕ್ಕೂ ತಮಿಳು ಮನೆಗಳಲ್ಲಿ ಚಿತ್ತಿರೈ ತಿಂಗಳ ಮೊದಲ ದಿನದ ವೇಪ್ಪಂಪೂ ಪಚ್ಚಡಿಗೂ ಬೇಕು. ಮಾಡುವ ವಿಧಾನವನ್ನು ಅಜ್ಜಿಯನ್ನು ಕೇಳಿ ಕ್ರಮವಾಗಿ ಬರೆದು ತರುವುದು, ಯಾವ ಅಭ್ಯಾಸ ಪುಸ್ತಕಕ್ಕೂ ಕಡಿಮೆಯಿಲ್ಲದ ಭಾಷಾಪಾಠ.

ಸಸ್ಯಗಳ ಚಿಗುರು, ಹೂ, ಕಾಯಿಗಳ ಕಾಲವನ್ನು ದಾಖಲಿಸುವ ಅಧ್ಯಯನಕ್ಕೆ ಫಿನಾಲಜಿ ಎನ್ನುತ್ತಾರೆ. 2010ರಿಂದ ನಡೆಯುತ್ತಿರುವ ಸೀಸನ್‌ವಾಚ್ ಯೋಜನೆಯಲ್ಲಿ ಶಾಲಾಮಕ್ಕಳೂ ವಾರಕ್ಕೊಮ್ಮೆ ಒಂದೇ ಮರವನ್ನು ಗಮನಿಸಿ ಚಿಗುರು, ಹೂ, ಕಾಯಿ ಇಲ್ಲವೋ, ಸ್ವಲ್ಪವೋ, ಬಹಳವೋ ಎಂದು ಗುರುತಿಸುತ್ತಾರೆ. ಇದಕ್ಕೆ ಬೇಕಾದುದು ಒಂದು ನೋಟ್‌ಬುಕ್ಕು ಮತ್ತು ವಾರದಲ್ಲಿ ಒಂದು ಪಿರಿಯಡ್‌ನ ಬಿಡುವು. ಮೂರನೆಯ ತರಗತಿ ಆ ಪುಸ್ತಕವನ್ನು ಮುಂದಿನ ವರ್ಷದವರಿಗೆ ಒಪ್ಪಿಸಿದರೆ, ಈ ಬಾರಿ ಹೂ ಬೇಗ ಬಂತೇ ಎಂಬ ಪ್ರಶ್ನೆಗೆ ಮಕ್ಕಳು ಹಿಂದಿನ ಪುಟ ತೆರೆದು ಉತ್ತರ ಹುಡುಕಬಹುದು.