ತೆರೆಯ ಮೇಲೆ ಕೆಂಪು ಹಿಪ್ಪುನೇರಳೆ

ಕೊಳ್ಳೇಗಾಲ ಸೀಮೆಯ ಶಾಗ್ಯ ಎಂಬ ಊರು ಮೊದಲು ಬೂದು ಬಣ್ಣದಲ್ಲಿ ಬರುತ್ತದೆ. ಕಂಪ್ಯೂಟರ್ ತೆರೆಯ ಮೇಲೆ ದಾರಿಗಳು ಸಣ್ಣ ಬಿಳಿ ಗೆರೆ, ತಗಡಿನ ಸೂರುಗಳು ಹೊಳೆಯುವ ಚುಕ್ಕೆ, ಹಳ್ಳ ಬಳುಕಿ ಹೋಗುವ ಕಪ್ಪು. ಬದುಗಳನ್ನು ಎಣಿಸಬಹುದು, ಯಾವ ಹೊಲದಲ್ಲಿ ಪೈರಿದೆ, ಯಾವುದು ಬೀಳು ಬಿದ್ದಿದೆ ಎಂದು ಮಾತ್ರ ಹೇಳಲಾಗದು. ಇದು 2005ರ ಮೇ 5ರಂದು ಹಾರಿದ ಕಾರ್ಟೊಸ್ಯಾಟ್-1ರ ನೋಟ. ನೆಲದ ಎರಡೂವರೆ ಮೀಟರು ಅದಕ್ಕೊಂದು ಚುಕ್ಕೆ. ಬಣ್ಣ ಕಾಣದು.

ಬಣ್ಣ ಕಾಣುವುದು ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-4 ಕ್ಯಾಮೆರಾಕ್ಕೆ. ಅದರ ಚುಕ್ಕೆ 5.8 ಮೀಟರಿನದು, ಆದ್ದರಿಂದ ಬದುಗಳೆಲ್ಲ ಕಲಸಿಹೋಗುತ್ತವೆ. ಅದು ನೋಡುವುದು ಹಸಿರು, ಕೆಂಪು ಮತ್ತು ನಮ್ಮ ಕಣ್ಣಿಗೆ ಬೀಳದ ಅವಗೆಂಪು. ನೀಲಿ ಅದರ ಪಾಲಿಗಿಲ್ಲ. ಎಲೆ ಚೆನ್ನಾಗಿ ಬಲಿತಷ್ಟೂ ಅವಗೆಂಪು ಜೋರಾಗಿ ಹಿಂದಕ್ಕೆ ಚಿಮ್ಮುವುದರಿಂದ, ಅವಗೆಂಪನ್ನು ಕೆಂಪಾಗಿ ತೋರಿಸುವ ತೆರೆಯ ಮೇಲೆ ಹಸಿರೆಲ್ಲ ಕೆಂಪಾಗುತ್ತದೆ. ಬೇಸಿಗೆಯ ಚಿತ್ರ ಹಾಕಿದರೆ ಕೊಳವೆಬಾವಿಯ ನೀರುಂಡ ಹಿಪ್ಪುನೇರಳೆ ತೋಟ ಕೆಂಡ. ಎಲೆ ಉದುರಿಸಿದ ಕುರುಚಲು ಕಾಡು ಮಂಕು ಕಂದು.

ಒಂದರ ಮೊನಚನ್ನೂ ಇನ್ನೊಂದರ ಬಣ್ಣವನ್ನೂ ಬೆರೆಸುವುದು ಕೇಳುವುದಕ್ಕೆ ಸಲೀಸು. ಎರಡರಲ್ಲೂ ಕೆರೆ ಏರಿಯ ತುದಿ, ರಸ್ತೆಯ ತಿರುವು ಒಂದೇ ಕಡೆ ಕೂರಬೇಕು. ಬಯಲಿನಲ್ಲಿ ಕೂರುತ್ತವೆ, ಬೆಟ್ಟ ಬಂದಾಗ ತಕರಾರು. ಓರೆಯಾಗಿ ನೋಡಿದ ಕಣ್ಣಿಗೆ ನೆತ್ತಿ ಜಾಗ ಬಿಟ್ಟು ವಾಲುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಲು ಎತ್ತರ ಗೊತ್ತಿರಬೇಕು. ಕಾರ್ಟೊಸ್ಯಾಟ್-1 ಎರಡು ಕ್ಯಾಮೆರಾ ಹೊತ್ತದ್ದು ಇದಕ್ಕೇ: ಒಂದು 26 ಡಿಗ್ರಿ ಮುಂದಕ್ಕೆ, ಒಂದು 5 ಡಿಗ್ರಿ ಹಿಂದಕ್ಕೆ. ಎರಡು ನೋಟಗಳ ವ್ಯತ್ಯಾಸದಿಂದಲೇ ಬೆಟ್ಟದ ಎತ್ತರ ಸಿಗುತ್ತದೆ.

ಆಮೇಲೆ ಪಕ್ಕದ ಚಿತ್ರವನ್ನು ಅಂಟಿಸಬೇಕು. ಇದು ಮಳೆ ನಿಂತ ಮೇಲೆ ತೆಗೆದದ್ದು, ಅದು ಬೇಸಿಗೆಯದು. ನೇರ ಕತ್ತರಿಸಿದರೆ ಒಂದೇ ಹೊಲದ ಅರ್ಧ ಫಸಲು, ಅರ್ಧ ಧೂಳು. ಬಲ್ಲವರು ಮೊದಲು ಬಣ್ಣದ ಏರಿಳಿತ ಸಮ ಮಾಡಿ, ಕೂಡುಗೆರೆಯನ್ನು ಹಳ್ಳದ ಗುಂಟ, ರಸ್ತೆಯ ಗುಂಟ, ಕಾಡಿನ ಅಂಚಿನಗುಂಟ ಒಯ್ಯುತ್ತಾರೆ. ಅದು ಇದ್ದೂ ಕಾಣದು. ನನಗೆ ಮೆಚ್ಚುಗೆಯೂ ಉಂಟು, ಅನುಮಾನವೂ ಉಂಟು: ಆ ಚಿತ್ರದ ಶಾಗ್ಯ ಯಾವ ಒಂದು ದಿನವೂ ಹಾಗಿದ್ದದ್ದಲ್ಲ.

ಇದರ ಮೇಲೆ ಬರುವ ಮೂರನೆಯ ಪದರ ಕಾಗದದ್ದು. ಸ್ಕ್ಯಾನ್ ಮಾಡಿದ ಗ್ರಾಮ ನಕ್ಷೆ, ಅದೂ ಎರಡು ಆಳ್ವಿಕೆಗಳದು. ಕೊಳ್ಳೇಗಾಲ ಸೀಮೆ 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿಯ ಪಾಲಾಗಿ, 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನದು. ಮದ್ರಾಸಿನವರ ಅಳತೆ ಸರಪಳಿ 66 ಅಡಿ, 100 ಕೊಂಡಿ, ಲೆಕ್ಕ ಎಕರೆ-ಸೆಂಟು. ಮೈಸೂರಿನದು 33 ಅಡಿ, 16 ಆಣೆ, ಎಕರೆ-ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟು ಎಂದು ಲೆಕ್ಕ ಕೂಡಿಸಬಹುದು. ಹಾಳೆಗಳನ್ನು ಕೂಡಿಸುವುದು ಅಷ್ಟು ಸುಲಭವಲ್ಲ. ಮಡಿಚಿ ಇಟ್ಟ ಕಾಗದ ಹಿಗ್ಗಿದೆ, ಕುಗ್ಗಿದೆ. ಬಾಂದುಕಲ್ಲುಗಳನ್ನೂ ಊರೂರಿನ ಎಲ್ಲೆ ಕೂಡುವ ಕಲ್ಲುಗಳನ್ನೂ ಗುರುತಿಟ್ಟು ಹೊಂದಿಸಿದರೂ ಎರಡು ಊರಿನ ಅಂಚು ಒಂದು ಕಡೆ ಒಂದರ ಮೇಲೊಂದು ಏರುತ್ತದೆ, ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಇಲ್ಲಿ ಚಿತ್ರದ ಜಾಣತನ ನಡೆಯಬಾರದು. ಎಳೆದು ಮುಚ್ಚಿದರೆ ಯಾರದೋ ಜಮೀನು ಕಿರಿದಾಗುತ್ತದೆ. ಮೈಲಿಗೆ 8 ಅಂಗುಲದ ನಕ್ಷೆಯಲ್ಲಿ ಅರ್ಧ ಮಿಲಿಮೀಟರು ದಪ್ಪದ ಗೆರೆ ನೆಲದಲ್ಲಿ ಸುಮಾರು ನಾಲ್ಕು ಮೀಟರು, ಎತ್ತಿನ ಗಾಡಿ ಆರಾಮಾಗಿ ಹೋಗುವಷ್ಟು ಅಗಲ.

ಹೀಗೆ ಹೊಂದಿಸಿದ ಗ್ರಾಮ ನಕ್ಷೆ ಈಗ ‘ದಿಶಾಂಕ್’ ಆ್ಯಪಿನಲ್ಲಿ ಅಂಗೈಗೆ ಬಂದಿದೆ. ನಿಂತ ಜಾಗದ ಸರ್ವೆ ನಂಬರು ತೋರುತ್ತದೆ. ಹೊಲದಲ್ಲಿ ಫೋನು ಹಿಡಿದವರು ಮೊದಲು ನೋಡುವುದು ತಮ್ಮ ಬೇಲಿಯನ್ನೇ.

“ಗೆರೆ ನಮ್ ಬೇಲಿ ಬುಟ್ಟು ಅತ್ಲಾಗೆ ಓಗದಲ್ಲಪ್ಪ!”

“ಪೋನ್‌ನಲ್ಲಿ ಅಂಗೇ ಕನಣ್ಣ. ಅಳತೆ ಮಾಡ್ಸು.”

ಅಳತೆ ಎಂದರೆ ಹದ್ದುಬಸ್ತು. ಅರ್ಜಿ ಕೊಟ್ಟು ಕಾಯಬೇಕು. ಭೂಮಾಪಕರು ಬರುವ ಮುನ್ನ ಸುತ್ತಲ ಹಿಡುವಳಿದಾರರಿಗೂ ನೋಟಿಸು ಹೋಗುತ್ತದೆ. ಆ ದಿನ ಬದುವಿನ ಮೇಲೆ ಎರಡೂ ಕಡೆಯವರು ಬಂದು ನಿಲ್ಲುತ್ತಾರೆ.