ಬ್ಲಾಕ್ ಇಲ್ಲದ ಎದೆನೋವು: ಹೃದಯದ ಎಂಆರ್‌ಐ ಕುರಿತ ತಪ್ಪು ಕಲ್ಪನೆ ಮತ್ತು ಸತ್ಯ

ಹಠಾತ್ತಾಗಿ ಕಾಣಿಸಿಕೊಂಡ ಎದೆನೋವಿಗೆ ಆಂಜಿಯೋಗ್ರಾಂ ಮಾಡಿಸಿ, ಬ್ಲಾಕ್ ಇಲ್ಲವೆಂಬ ವರದಿ ಕೈಸೇರಿದೊಡನೆ, ಹೃದಯಕ್ಕೆ ಏನೂ ಆಗಿಲ್ಲ, ಅದು ಬರಿಯ ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸಿಬಿಡುವುದು ಈ ವಿಷಯದಲ್ಲಿ ಬೇರೂರಿರುವ ತಪ್ಪು ಕಲ್ಪನೆಗಳಲ್ಲಿ ಮೊದಲನೆಯದು. ಆಂಜಿಯೋಗ್ರಾಂ ತೋರಿಸುವುದು ಹೃದಯಕ್ಕೆ ರಕ್ತ ಒಯ್ಯುವ ಕೊರೊನರಿ ನಾಳಗಳ ಒಳದಾರಿಯನ್ನೇ ಹೊರತು ಆ ರಕ್ತವನ್ನು ಪಡೆಯುವ ಸ್ನಾಯುವಿನ ಸ್ಥಿತಿಯನ್ನಲ್ಲ. ಕಾಲುವೆ ತೆರವಾಗಿದೆ ಎಂದ ಮಾತ್ರಕ್ಕೆ ಗದ್ದೆಯ ಪೈರು ಚೆನ್ನಾಗಿದೆ ಎನ್ನಲಾಗದು. ಹೃದಯಸ್ನಾಯುವಿನ ಕೋಶಗಳು ಘಾಸಿಗೊಂಡಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನು ಏರಿದ್ದು, ಹೃದಯಾಘಾತದ ಲಕ್ಷಣಗಳಿದ್ದು, ಆದರೂ ಯಾವ ಮುಖ್ಯ ನಾಳವೂ ಶೇ. 50ರಷ್ಟು ಕಿರಿದಾಗಿಲ್ಲದ ಸನ್ನಿವೇಶವನ್ನು ವೈದ್ಯರು ‘ಮಿನೋಕಾ’ ಎಂಬ ಸಂಕ್ಷಿಪ್ತ ಹೆಸರಿನಿಂದ ಗುರುತಿಸುತ್ತಾರೆ. ಹೃದಯಾಘಾತವೆಂದು ದಾಖಲಾಗುವ ಪ್ರಕರಣಗಳಲ್ಲಿ ಇವುಗಳ ಪಾಲು ಸುಮಾರು ಶೇ. 5ರಿಂದ 10. ಈ ಹೆಸರು ತಾತ್ಕಾಲಿಕವಾದುದು. ಅದರ ಹಿಂದಿರುವ ಕಾರಣವನ್ನು ಹುಡುಕುವ ಕೆಲಸ ಇನ್ನೂ ಬಾಕಿ ಇರುತ್ತದೆ.

ಆ ಹುಡುಕಾಟದಲ್ಲಿ ನೆರವಾಗುವ ಎಂಆರ್‌ಐಯನ್ನು ಇನ್ನೊಂದು ಬಗೆಯ ಆಂಜಿಯೋಗ್ರಾಂ ಎಂದೇ ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಇಲ್ಲಿ ನೋಡುವುದು ಸ್ನಾಯುವನ್ನೇ. ಊದಿಕೊಂಡ ಸ್ನಾಯುವಿನಲ್ಲಿ ನೀರಿನಂಶ ಹೆಚ್ಚಿರುವುದನ್ನು ಕೆಲವು ಚಿತ್ರಗಳು ಹಿಡಿದುಕೊಡುತ್ತವೆ. ಬಳಿಕ ರಕ್ತನಾಳಕ್ಕೆ ಚುಚ್ಚುವ ಗ್ಯಾಡೊಲಿನಿಯಂಯುಕ್ತ ದ್ರವವು ಜೀವಂತ ಕೋಶಗಳ ಒಳಹೊಗಲಾರದೆ ಬೇಗನೆ ಹರಿದುಹೋಗುತ್ತದೆ. ಕೋಶಗಳ ಪೊರೆ ಹರಿದ ಅಥವಾ ಗಾಯ ಮಾಗಿ ಕಲೆಗಟ್ಟಿದ ಜಾಗದಲ್ಲಿ ಮಾತ್ರ ಅದು ತಂಗುವುದರಿಂದ, ಹತ್ತು ಹದಿನೈದು ನಿಮಿಷಗಳ ನಂತರ ತೆಗೆದ ಚಿತ್ರದಲ್ಲಿ ಆ ಭಾಗ ಬೆಳ್ಳಗೆ ಹೊಳೆಯುತ್ತದೆ. ಹೊಳಪು ಎಲ್ಲಿದೆ ಎಂಬುದೇ ರೋಗದ ಗುರುತು. ಕೊರೊನರಿ ನಾಳಗಳು ಹೃದಯದ ಹೊರಮೈಯಲ್ಲಿ ಹರಡಿರುವ ಕಾರಣ ರಕ್ತದ ಕೊರತೆ ಮೊದಲು ತಟ್ಟುವುದು ಒಳಪದರಕ್ಕೆ, ಹೀಗಾಗಿ ಹೃದಯಾಘಾತದ ಕಲೆ ಒಳಗಿನಿಂದ ಹೊರಕ್ಕೆ ಹಬ್ಬುತ್ತದೆ. ಬಹುಮಟ್ಟಿಗೆ ವೈರಸ್ ಸೋಂಕಿನ ಬೆನ್ನಿಗೆ ಬರುವ ಮಯೋಕಾರ್ಡೈಟಿಸ್, ಅಂದರೆ ಹೃದಯಸ್ನಾಯುವಿನ ಉರಿಯೂತ, ಸಾಮಾನ್ಯವಾಗಿ ಹೊರಪದರದಲ್ಲೋ ನಡುಪದರದಲ್ಲೋ ಗುರುತು ಬಿಡುತ್ತದೆ. ತೀವ್ರ ಮಾನಸಿಕ ಆಘಾತದ ನಂತರ ಕಾಣಿಸಬಹುದಾದ, 1990ರಲ್ಲಿ ಜಪಾನಿನ ವೈದ್ಯರು ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರನ್ನೇ ಇಟ್ಟ ‘ತಕೊತ್ಸುಬೊ’ ಎಂಬ ಹೃದಯಸ್ನಾಯುವಿನ ತೊಂದರೆಯಲ್ಲಿ ಊತವಿದ್ದರೂ ಕಲೆ ಪ್ರಾಯಶಃ ಇರುವುದಿಲ್ಲ. ಈ ಭೇದ ಪಾಂಡಿತ್ಯದ ಸರಕಲ್ಲ: ಹೃದಯಾಘಾತವಾದವನಿಗೆ ದೀರ್ಘಕಾಲದ ಆಸ್ಪಿರಿನ್, ಸ್ಟ್ಯಾಟಿನ್ ಬೇಕಾದರೆ, ಉರಿಯೂತವಾದ ಯುವಕನಿಗೆ ಕೆಲವು ಕಾಲ ಆಟ, ಓಟ, ಜಿಮ್ ಬಿಡುವುದೇ ಮುಖ್ಯ ಪಥ್ಯ.

ಹಾಗಾದರೆ ಎದೆನೋವು ಬಂದೊಡನೆ ಎಂಆರ್‌ಐಗೇ ಧಾವಿಸಬೇಕೆಂಬ ಅತ್ಯುತ್ಸಾಹವೂ ತಪ್ಪು. ಮೊದಲ ಹತ್ತು ನಿಮಿಷಗಳೊಳಗೆ ಆಗಬೇಕಾದುದು ಇಸಿಜಿ. ಅದರ ಹಿಂದೆಯೇ ಟ್ರೋಪೋನಿನ್ ಪರೀಕ್ಷೆ, ಅಗತ್ಯವಿದ್ದರೆ ಆಂಜಿಯೋಗ್ರಾಂ. ಮಹಾಪಧಮನಿಯ ಸೀಳು ಅಥವಾ ಶ್ವಾಸಕೋಶದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ಶಂಕೆಯಿದ್ದರೆ ಸಿಟಿ ಸ್ಕ್ಯಾನ್ ಹೆಚ್ಚು ಸೂಕ್ತ. ಮುಕ್ಕಾಲು ಗಂಟೆಯಷ್ಟು ಹೊತ್ತು, ಹೇಳಿದಾಗೆಲ್ಲ ಉಸಿರು ಬಿಗಿಹಿಡಿದು ಯಂತ್ರದೊಳಗೆ ಮಲಗಬೇಕಾದ ಎಂಆರ್‌ಐ ಪರೀಕ್ಷೆ, ಸ್ಥಿತಿ ಸ್ಥಿರಗೊಂಡವರಿಗೆ ತಕ್ಕದ್ದು. ಆದರೆ ತಿಂಗಳುಗಟ್ಟಲೆ ಮುಂದೂಡಿದರೆ ಊತ ಇಳಿದು ಸಾಕ್ಷ್ಯವೇ ಅಳಿಸಿಹೋಗುವುದರಿಂದ ಮೊದಲ ಎರಡು ವಾರಗಳೊಳಗೆ ಮಾಡಿಸಿದರೆ ಫಲ ಹೆಚ್ಚು.

ಎಂಆರ್‌ಐಯಲ್ಲಿ ಕ್ಷಕಿರಣವಿದೆ ಎಂಬ ಭಯ ನಿರಾಧಾರ; ಅಲ್ಲಿರುವುದು ಕಾಂತಕ್ಷೇತ್ರ ಮತ್ತು ರೇಡಿಯೋ ತರಂಗ. ಕೊರೊನರಿ ಸ್ಟೆಂಟ್ ಅಡ್ಡಿಯಲ್ಲ, ಈಚಿನ ಅನೇಕ ಪೇಸ್‌ಮೇಕರ್‌ಗಳಿದ್ದರೂ ಮುನ್ನೆಚ್ಚರಿಕೆಯಿಂದ ಮಾಡಬಹುದು. ಮೂತ್ರಪಿಂಡ ತೀರಾ ಕೆಟ್ಟವರಲ್ಲಿ ಮಾತ್ರ ಗ್ಯಾಡೊಲಿನಿಯಂ ಬಳಕೆಯನ್ನು ತೂಗಿ ನೋಡಬೇಕಾಗುತ್ತದೆ.

ಎಂಆರ್‌ಐಯೂ ಸರ್ವಜ್ಞನಲ್ಲ. ಕ್ಷಣಕಾಲ ನಾಳ ಸೆಟೆದು ಸಡಿಲಗೊಂಡಿದ್ದರೆ ಅದು ಯಾವ ಕುರುಹನ್ನೂ ಕಾಣದಿರಬಹುದು, ಮತ್ತು ಅಂಥಲ್ಲಿ ಬೇರೆ ಪರೀಕ್ಷೆಗಳು ಬೇಕಾಗುತ್ತವೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಟ್ರೋಪೋನಿನ್ ಏರಿದೆ’, ‘ಬ್ಲಾಕ್ ಇಲ್ಲ’ ಎಂಬ ಎರಡು ಮಾತುಗಳು ಒಟ್ಟಿಗೆ ಕಂಡವರು, ಹೃದಯದ ಎಂಆರ್‌ಐ ಬೇಕೇ ಎಂದು ಆ ಎರಡು ವಾರ ಮುಗಿಯುವ ಮುನ್ನವೇ ಹೃದ್ರೋಗ ತಜ್ಞರನ್ನು ಕೇಳಿ ತಿಳಿಯುವುದು ಒಳಿತು.