ಕಂದು ಎಳೆ ಕಡಿದಿತ್ತು



ದೀಪಾವಳಿ ಸೂಟಿಗೆ ನಾನು ಬೆಳಗಾವಿಯ ಮಹಾಂತೇಶ ನಗರಕ್ಕೆ, ಮಾಮಾನ ಮನೆಗೆ ಹೋಗಿದ್ದೆ. ಅಲ್ಲಿ ಒಂದು ತಕರಾರು ನಡೆದಿತ್ತು. 300 ಎಂಬಿಪಿಎಸ್ ವೇಗದ ಇಂಟರ್‌ನೆಟ್ ಹಾಕಿಸಿದ್ದರೂ ಅಕ್ಕನ ಕಂಪ್ಯೂಟರಿನಲ್ಲಿ ಅದು 94ರ ಮ್ಯಾಲೆ ಏರುತ್ತಿರಲಿಲ್ಲ. ಅಕ್ಕ ಮನೆಯಿಂದಲೇ ವಿಡಿಯೋ ಜೋಡಿಸುವ ಕೆಲಸ ಮಾಡ್ತಾಳ. 10 ಜಿಬಿ ಫೈಲು ಇಳಿಸಲು 14 ನಿಮಿಷ ಬೇಕಾಗುತ್ತಿತ್ತು. ಸರಿಯಿದ್ದರೆ 5 ನಿಮಿಷ ಸಾಕು. ಅಂಗಡಿಯವರೊಬ್ಬರು "ಹೊಸಾ ಕಂಪ್ಯೂಟರ ತಗೋರಿ" ಅಂದಿದ್ದರಂತೆ. ಮಾಮಾ ರೊಕ್ಕ ಹೊಂದಿಸಾಕ ಹತ್ತಿದ್ರು.

"ತಡೀ ಅಪ್ಪಾ, ಒಂದೊಂದ ನೋಡೂಣು" ಅಂದಳು ಅಕ್ಕ.

ಮೊದಲು ರೌಟರ್ ಡಬ್ಬಿಯ ಹತ್ತಿರ ನಿಂತು ಮೊಬೈಲಿನಲ್ಲಿ ವೇಗ ನೋಡಿದಳು. 280 ಬಂತು. ಅಂದ್ರ ಹೊರಗಿನ ಲೈನು ಸರಿ ಐತಿ. ಆಮೇಲೆ ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಈಥರ್‌ನೆಟ್ ತೆರೆದಳು. ಲಿಂಕ್ ಸ್ಪೀಡ್ 1000/1000 ಇರುವ ಬದಲು 100/100 ಅಂತಿತ್ತು! ಆ 100ರಲ್ಲಿ ವಿಳಾಸ ಮುಂತಾದ ಮೇಲ್ಬರಹಕ್ಕೆ ಒಂದಿಷ್ಟು ಹೋಗಿ ನಮಗೆ 94-95 ಉಳಿಯುತ್ತದೆ. ಹಿಂಗಾಗಿ 94 ಕಂಡರೆ ಅನುಮಾನ ಪಡಬೇಕು.

ಇದು ಯಾಕೆ ಹೀಗೆ? ಆ ವಾಯರಿನೊಳಗೆ ಸಣ್ಣ ಎಳೆಗಳು 8, ಅಂದರೆ 4 ಜೋಡಿ: ಕೇಸರಿ, ಹಸಿರು, ನೀಲಿ, ಕಂದು. ಪ್ರತಿಯೊಂದಕ್ಕೂ ಬಿಳಿ ಬೆರೆತ ಒಂದು ಜೊತೆಗಾರ. ಎರಡನ್ನೂ ಹಗ್ಗದಂಗ ಹೊಸೆದಿರುತ್ತಾರೆ. ಹೊಸೆದರೆ ಹೊರಗಿನ ವಿದ್ಯುತ್ತಿನ ಗದ್ದಲ ತಟ್ಟುವುದು ಕಡಿಮೆ. ಟೆಲಿಫೋನಿನ ಗ್ರಹಾಂ ಬೆಲ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. 100ರ ವೇಗಕ್ಕೆ ಕೇಸರಿ, ಹಸಿರು ಎರಡೇ ಜೋಡಿ ಸಾಕು. 1000ಕ್ಕೆ ನಾಲ್ಕೂ ಬೇಕು. ನೀಲಿ ಇಲ್ಲವೇ ಕಂದು ಜೋಡಿಯಲ್ಲಿ ಒಂದು ಎಳೆ ಕಡಿದರೆ ಸಾಮಾನ್ಯವಾಗಿ ಇಂಟರ್‌ನೆಟ್ ನಿಲ್ಲುವುದಿಲ್ಲ, ನಿಧಾನ ಆಗತೈತಿ ಅಷ್ಟೆ. ಪೂರ್ತಿ ನಿಂತಿದ್ದರೆ ಎಂದೋ ಹುಡುಕುತ್ತಿದ್ದರು.

ಅಕ್ಕ ಬೇರೇನೂ ಮುಟ್ಟದೆ ವಾಯರೊಂದನ್ನೇ ಬದಲಿಸಿ ನೋಡಿದಳು. ಕೂಡಲೇ 1000/1000 ಬಂತು! ಹಳೆಯದು ಬಾಗಿಲ ಸಂದಿಯಲ್ಲಿ ಹಾದಿತ್ತು. ಮ್ಯಾಲಿನ ಸಿಪ್ಪೆ ಕೊಯ್ದು ನೋಡಿದರೆ ಕಂದು ಎಳೆ ತುಂಡಾಗಿತ್ತು. ಹೊಸದನ್ನು ಗೋಡೆಗುಂಟ ಮೊಳೆ ಹೊಡೆದು ಒಯ್ದೆವು, ಮಡಚಿ ಎಳೆಯಲಿಲ್ಲ. ಮಾಮಾನ ರೊಕ್ಕ ಉಳೀತು.

ಎಲ್ಲರ ಮನ್ಯಾಗೂ ವಾಯರೇ ಕಾರಣ ಅಂತಲ್ಲ ಮತ್ತ. ರೌಟರಿನ ಅಥವಾ ಕಂಪ್ಯೂಟರಿನ ಕಿಂಡಿಯೇ 100ರದ್ದಿದ್ದರೆ ಎಂಥಾ ವಾಯರ ಹಾಕಿದರೂ ಅಷ್ಟೆ.

ಆ ತುಂಡು ವಾಯರು ತಂದಿದ್ದೇನೆ. ವಿಜ್ಞಾನದ ಸರ್ ಅವರ ಮೇಜಿನ ಮ್ಯಾಲೆ ಐತಿ, ಬಂದು ನೋಡ್ರಿ.

— 9ನೇ ವರ್ಗ